ಹಲ್ಕೆ–ಮುಪ್ಪಾನೆ ಲಾಂಚ್: ಚಳಿಗಾಲದಲ್ಲಿ ಶರಾವತಿ ಹಿನ್ನೀರು ದಾಟಿದ ಒಂದು ದಿನ

ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತ ಶರಾವತಿ ಹಿನ್ನೀರನ್ನು, ಜನರನ್ನೂ ವಾಹನಗಳನ್ನೂ ಸಾಗಿಸುವ ಲಾಂಚ್‌ನಲ್ಲಿ ದಾಟುವುದು ಹೇಗಿರುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ, ಡಿಸೆಂಬರ್ ಚಳಿಯಲ್ಲಿ ಹೋಗುವುದು ಸರಿಯೇ ಎಂದು ಶಿವಮೊಗ್ಗದ ನಮ್ಮ ಬೀದಿಯವರು ಆಗಾಗ ಕೇಳುತ್ತಿರುತ್ತಾರೆ. 2024ರ ಡಿಸೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಮತ್ತು ಎಪ್ಪತ್ನಾಲ್ಕು ವರ್ಷದ ನನ್ನ ಚಿಕ್ಕಮ್ಮ ಒಂದೇ ದಿನದಲ್ಲಿ ಎರಡು ಕಡೆ ಹೊಳೆ ದಾಟಿದೆವು. ಬೆಳಿಗ್ಗೆ ಹೊಳೆಬಾಗಿಲಿನಿಂದ ಕಳಸವಳ್ಳಿಗೆ, ಸಂಜೆ ಹಲ್ಕೆಯಿಂದ ಮುಪ್ಪಾನೆಗೆ. ಹೋಗಬಹುದು, ಅದರಲ್ಲೂ ಚಳಿಗಾಲದಲ್ಲಿಯೇ ಹೋಗಬೇಕು, ಆದರೆ ಗಡಿಯಾರ ನೋಡಿಕೊಂಡು ಓಡುವವರು ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಬೆಳಗಿನ ಜಾವ ನಾಲ್ಕೂವರೆಗೆ ಶಿವಮೊಗ್ಗ ಬಿಟ್ಟೆವು. ಚೋರಡಿ ದಾಟುವವರೆಗೆ ಮಂಜು ಅಷ್ಟಾಗಿ ಕಾಡಲಿಲ್ಲ. ಆನಂದಪುರದಿಂದ ಮುಂದೆ ಕಾರಿನ ದೀಪದ ಬೆಳಕು ನಾಲ್ಕು ಮಾರು ದೂರಕ್ಕಿಂತ ಹೆಚ್ಚು ಹೋಗುತ್ತಿರಲಿಲ್ಲ. ಸಾಗರದಲ್ಲಿ ಕಾಫಿ ಕುಡಿದು, ಆವಿನಹಳ್ಳಿಯ ಮೇಲೆ ಹೊಳೆಬಾಗಿಲು ತಲುಪಿದಾಗ ಹೊತ್ತು ಮೂಡಿತ್ತಾದರೂ ಸೂರ್ಯ ಕಂಡಿರಲಿಲ್ಲ. ದಡದಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡ ಬೈಕಿನವರು, ಸಿಗಂದೂರಿನ ಚೌಡೇಶ್ವರಿ ದರ್ಶನಕ್ಕೆ ಹೊರಟ ಹಾವೇರಿ ಕಡೆಯ ಒಂದು ಕುಟುಂಬ, ಸಾಗರದ ಆಸ್ಪತ್ರೆಯಲ್ಲಿ ರಾತ್ರಿ ಕಳೆದು ಊರಿಗೆ ಮರಳುತ್ತಿದ್ದ ತುಮರಿ ಕಡೆಯ ಇಬ್ಬರು ನಿಂತಿದ್ದರು. ಲಾಂಚ್ ಆಚೆ ದಡದಲ್ಲಿತ್ತು. ಮೊದಲು ಅದರ ಸದ್ದು ಕೇಳಿಸಿತು, ಬಹಳ ಹೊತ್ತಿನ ಮೇಲೆ ಮಂಜಿನೊಳಗಿನಿಂದ ಅದರ ಮುಂಭಾಗ ಕಾಣಿಸಿತು.

ವಾಹನ ಹತ್ತಿಸುವ ಕೆಲಸವನ್ನು ನಿಂತು ನೋಡಬೇಕು. ಲಾಂಚಿನ ಮುಂದಿನ ಕಬ್ಬಿಣದ ಹಲಗೆಯನ್ನು ದಡದ ಮಣ್ಣಿನ ಮೇಲೆ ಇಳಿಸುತ್ತಾರೆ. ಒಬ್ಬರು ಹಗ್ಗ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಕೈಸನ್ನೆಯಲ್ಲೇ ಒಂದೊಂದೇ ವಾಹನವನ್ನು ಒಳಗೆ ಕರೆಯುತ್ತಾರೆ. ಭಾರದ ಗಾಡಿ ನಡುವೆ, ಕಾರುಗಳು ಎರಡು ಬದಿಗೆ ಸಮವಾಗಿ, ಬೈಕುಗಳು ಉಳಿದ ಸಂದುಗಳಲ್ಲಿ. ಯಾರ ಕೈಯಲ್ಲೂ ಲೆಕ್ಕದ ಚೀಟಿ ಇರುವುದಿಲ್ಲ. ಗಾಡಿಯ ಗಾಲಿ ಎಷ್ಟು ಕುಗ್ಗಿದೆ ಎಂದು ನೋಡಿಯೇ ಅದು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಾರೆ. ಆ ದಿನ ರಾತ್ರಿಯ ಇಬ್ಬನಿಯಿಂದ ಕಬ್ಬಿಣದ ಹಲಗೆ ಎಣ್ಣೆ ಸವರಿದಂತೆ ಜಾರುತ್ತಿತ್ತು. ಚಿಕ್ಕಮ್ಮ ಅದನ್ನು ಕಂಡು ಹಿಂದೆ ಸರಿದರು. ಹಗ್ಗ ಹಿಡಿದಿದ್ದ ಸಿಬ್ಬಂದಿಯೊಬ್ಬರು ಏನೂ ಹೇಳದೆ ಒಳಗೆ ಹೋಗಿ, ಅಡಿಕೆ ತುಂಬುವ ಗೋಣಿಚೀಲವೊಂದನ್ನು ತಂದು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ, "ಅಮ್ಮಾ, ಇದ್ರ ಮೇಲೆ ಕಾಲಿಡಿ, ಜಾರಲ್ಲ" ಎಂದರು. ಎರಡು ಹೆಜ್ಜೆಗೆ ಒಂದು ಗೋಣಿ ಸಾಲದಾದಾಗ, ಹಿಂದಿನದನ್ನು ಎಳೆದು ಮುಂದಕ್ಕೆ ಹಾಸಿದರು. ಆ ದಿನ ಕಂಡ ಸೇವೆಯಲ್ಲಿ ನನ್ನ ಮನಸ್ಸಿನಲ್ಲಿ ಮೊದಲು ನಿಂತದ್ದು ಆ ಗೋಣಿಚೀಲ.

ನಾನು ಇದಕ್ಕೆ ಮೊದಲು ಚಳಿಯಲ್ಲಿ ದಿನವಿಡೀ ದೋಣಿಯ ಮೇಲೆ ಕಳೆದದ್ದು ಇಂಗ್ಲೆಂಡಿನಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಅಲ್ಲಿ ಕೆನೆಟ್ ಮತ್ತು ಏವನ್ ಎಂಬ ಹಳೆಯ ಕಾಲುವೆಯಿದೆ, 1810ರಲ್ಲಿ ಪೂರ್ಣಗೊಂಡದ್ದು. ಡಿವೈಜಸ್ ಎಂಬ ಊರಿನ ಬಳಿ ಆ ಕಾಲುವೆ ಗುಡ್ಡವನ್ನು ಏರಬೇಕು. ನೀರು ಗುಡ್ಡ ಹತ್ತುವುದಿಲ್ಲವಾದ್ದರಿಂದ ಎರಡು ಮೈಲಿಯೊಳಗೆ 29 ಲಾಕ್‌ಗಳನ್ನು ಮೆಟ್ಟಿಲಿನಂತೆ ಕಟ್ಟಿದ್ದಾರೆ, ಒಟ್ಟು ಏರು 237 ಅಡಿ. ಲಾಕ್ ಎಂದರೆ ಎರಡು ಕಡೆಯೂ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ಬಾಗಿಲ ಬಳಿಯ ಸಣ್ಣ ತೂಬನ್ನು ತೆರೆಯುತ್ತಾರೆ. ನೀರು ತುಂಬುತ್ತಾ ದೋಣಿಯನ್ನು ಎತ್ತುತ್ತದೆ. ಎರಡು ಬದಿಯ ನೀರು ಸಮವಾಗುವವರೆಗೆ ಮುಂದಿನ ಬಾಗಿಲನ್ನು ಆನೆ ನೂಕಿದರೂ ತೆರೆಯಲಾಗದು. ಸಮವಾದ ಕ್ಷಣದಲ್ಲಿ, ಬಾಗಿಲಿಗೆ ಜೋಡಿಸಿದ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನೂಕಿದರೆ ಒಬ್ಬರಿಂದಲೇ ತೆರೆದುಕೊಳ್ಳುತ್ತದೆ. ತೂಬು ತಿರುಗಿಸುವ ಬಾಗಿದ ಕಬ್ಬಿಣದ ಹಿಡಿಕೆಯನ್ನು ದೋಣಿಯವರೇ ಜೊತೆಗೆ ಒಯ್ಯಬೇಕು. ಅಕ್ಟೋಬರ್ ಕೊನೆಯ ಆ ದಿನ ಕೈಗವಸು ತೊಟ್ಟರೂ ಆ ಹಿಡಿಕೆಯ ತಣ್ಪು ಮೂಳೆಗೆ ತಾಗುತ್ತಿತ್ತು. ಹತ್ತನೆಯ ಲಾಕ್ ದಾಟುವ ಹೊತ್ತಿಗೆ ಎಲ್ಲರಿಗೂ ಬೆವರು ಬಂದಿತ್ತು ಎಂಬುದೂ ನಿಜ. ಆ ಎರಡು ಮೈಲಿಗೆ ಹೆಚ್ಚು ಕಡಿಮೆ ಆರು ಗಂಟೆ ಹಿಡಿಯಿತು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಹೊಳೆಬಾಗಿಲು ಎಂಬ ಹೆಸರಿನಲ್ಲಿ ಬಾಗಿಲಿದ್ದರೂ ನಮ್ಮ ಹಿನ್ನೀರಿನ ದಾರಿಯಲ್ಲಿ ಬಾಗಿಲೂ ಇಲ್ಲ, ತೊಟ್ಟಿಯೂ ಇಲ್ಲ. ಆದರೆ ನೀರಿನ ಏರಿಳಿತದ ಸಮಸ್ಯೆ ಆ ಕಾಲುವೆಗಿಂತ ಇಲ್ಲಿ ಕಠಿಣವಾಗಿದೆ. ಲಿಂಗನಮಕ್ಕಿ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆಗಸ್ಟ್‌ನಲ್ಲಿ ಆ ಮಟ್ಟದ ಹತ್ತಿರ ತುಂಬಿದ ನೀರು, ತಳಕಳಲೆ ಜಲಾಶಯದ ಮೂಲಕ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಗೆ ಹರಿದು ಬೇಸಿಗೆಯ ಹೊತ್ತಿಗೆ ಹತ್ತಾರು ಅಡಿ ಕೆಳಗಿಳಿಯುತ್ತದೆ. ಆ 1035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ ನಾಡಿಗೆಲ್ಲ ಬೆಳಕು ಕೊಡುತ್ತಿದ್ದಂತೆ ಇಲ್ಲಿ ದಡವೇ ಹಿಂದೆ ಹಿಂದೆ ಹೋಗುತ್ತದೆ. ಕಳೆದ ತಿಂಗಳು ಲಾಂಚ್ ನಿಂತ ಜಾಗ ಈ ತಿಂಗಳು ಕೆಸರು, ಮುಂದಿನ ತಿಂಗಳು ಬಿರಿದ ನೆಲ. ನೀರು ಇಳಿದಂತೆಲ್ಲ ವಾಹನ ಇಳಿಯುವ ಮಣ್ಣಿನ ದಾರಿಯನ್ನು ಕೆಳಗೆ ಕೆಳಗೆ ಕೆತ್ತಿ ಮಾಡಿಕೊಳ್ಳಬೇಕು. ಅದರ ಮೇಲೆ, ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ತಳದಲ್ಲಿ ನಿಂತಿವೆ. ಮೇಲಿನಿಂದ ಕಾಣದ, ಆದರೆ ನೀರು ಇಳಿದಾಗ ಲಾಂಚಿನ ಅಡಿಗೆ ತಾಗಬಹುದಾದ ಆ ಬೊಡ್ಡೆಗಳು ಎಲ್ಲೆಲ್ಲಿವೆ ಎಂಬುದು ಚಾಲಕರ ತಲೆಯಲ್ಲಿದೆ. ಇಂಗ್ಲೆಂಡಿನಲ್ಲಿ ಕಲ್ಲು ಮತ್ತು ಬಾಗಿಲು ಮಾಡುವ ಕೆಲಸವನ್ನು ಇಲ್ಲಿ ಐದಾರು ಜನರ ಅನುಭವ ಮಾಡುತ್ತಿದೆ. 2023ರ ಜೂನ್‌ನಲ್ಲಿ ಮಳೆ ತಡವಾಗಿ ನೀರು ತೀರ ಇಳಿದಾಗ ಹೊಳೆಬಾಗಿಲಿನಲ್ಲಿ ವಾಹನ ಸಾಗಣೆಯನ್ನೇ ನಿಲ್ಲಿಸಬೇಕಾಯಿತು. ಆದ್ದರಿಂದ ಲಾಂಚ್ ಪ್ರಯಾಣಕ್ಕೆ ಒಳ್ಳೆಯ ಕಾಲ ಯಾವುದು ಎಂದು ಕೇಳಿದರೆ, ಮಳೆಗಾಲದ ಗಾಳಿ ಅಡಗಿ, ನೀರು ಇನ್ನೂ ತೀರ ಇಳಿಯದೆ ಇರುವ ನವೆಂಬರ್‌ನಿಂದ ಫೆಬ್ರವರಿಯವರೆಗೆ ಎನ್ನುತ್ತೇನೆ. ಚಳಿಯನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಆ ಚಳಿ ಶಿವಮೊಗ್ಗದ ಚಳಿಯಂತಲ್ಲ. ದಡದಲ್ಲಿ ನಿಂತಾಗ ಸ್ವೆಟರ್ ಒಂದೇ ಸಾಕೆನಿಸುತ್ತದೆ. ಲಾಂಚ್ ಹೊರಟು ನೀರಿನ ನಡುವೆ ಬಂದ ಮೇಲೆ ತಣ್ಣನೆಯ ಗಾಳಿ ಕಿವಿ, ಕುತ್ತಿಗೆ, ತೋಳಿನ ತುದಿಗಳಿಂದ ಒಳಗೆ ನುಗ್ಗುತ್ತದೆ. ಕುಲಾವಿ, ಶಾಲು, ಕಾಲುಚೀಲ ಇಲ್ಲದೆ ಹಿರಿಯರನ್ನು ಕರೆತರಬೇಡಿ. ನಿತ್ಯ ಓಡಾಡುವವರಿಗೆ ಒಂದು ಉಪಾಯ ಗೊತ್ತಿದೆ: ಅವರು ಹತ್ತಿದ ಕೂಡಲೇ ಇಂಜಿನ್ ಇರುವ ಬದಿಗೆ ಹೋಗಿ, ಅದರ ಮುಚ್ಚಳದ ಹತ್ತಿರ ಬೆನ್ನು ಮಾಡಿ ನಿಲ್ಲುತ್ತಾರೆ. ಹಾಲಿನ ಕ್ಯಾನಿನವರು ಚಿಕ್ಕಮ್ಮನಿಗೂ ಅಲ್ಲಿ ಜಾಗ ಬಿಟ್ಟರು. ಡೀಸೆಲ್ ವಾಸನೆಯ ಆ ಬಿಸಿಗೆ ಕೈ ಚಾಚಿಕೊಂಡು ಅಪರಿಚಿತರು ಅಡಿಕೆ ದರವನ್ನೂ ಕೊನೆ ಕೊಯ್ಯುವ ಆಳಿನ ಕೊರತೆಯನ್ನೂ ಮಾತಾಡಿಕೊಳ್ಳುತ್ತಿದ್ದರು.

ಎಡಗಡೆ ಮಂಜಿನೊಳಗೆ ಹೊಸ ಸೇತುವೆಯ ಎತ್ತರದ ಕಂಬಗಳು ಕಾಣುತ್ತಿದ್ದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ, 2.44 ಕಿಲೋಮೀಟರ್ ಉದ್ದದ ಆ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಹೊಳೆಯ ಆಚೆಯ ಕರೂರು, ಬಾರಂಗಿ ಹೋಬಳಿಗಳ ಜನ ಆರು ದಶಕ ಕಾದ ಸೇತುವೆ ಅದು. ರಾತ್ರಿ ಹೆರಿಗೆ ನೋವು ಬಂದರೆ ಬೆಳಗಾಗುವುದನ್ನೇ ಕಾಯಬೇಕಾಗಿದ್ದವರ ಪಾಲಿಗೆ ಅದು ಎಷ್ಟು ದೊಡ್ಡದು ಎಂಬುದನ್ನು ಪ್ರವಾಸಕ್ಕೆ ಬರುವ ನಾವು ಮರೆಯಬಾರದು. ಲಾಂಚ್ ಚೆನ್ನಾಗಿತ್ತು, ಸೇತುವೆ ಬಂದು ಹಾಳಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸೇತುವೆ ಬೇಕಿತ್ತು. ಸೇತುವೆ ಇಲ್ಲದ ಕಡೆಗಳಲ್ಲಿ ಲಾಂಚ್ ನಿಯಮಿತವಾಗಿ ನಡೆಯುವುದೂ ಅಷ್ಟೇ ಬೇಕು.

ಚಿಕ್ಕಮ್ಮ ಈ ನೀರಿನ ಕೆಳಗೆ ಹುಟ್ಟಿದವರು. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿಗೆ ಹದಿನಾಲ್ಕು ವರ್ಷ. ಅದಕ್ಕಿಂತ ಮೊದಲೇ ಮಡೆನೂರಿನ ಬಳಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ಲಿಂಗನಮಕ್ಕಿಯ ನೀರು ಮುಳುಗಿಸಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಅದರ ಕಲ್ಲಿನ ಕಟ್ಟಡವೂ ಹೆಚ್ಚಿನ ನೀರು ಹೊರಬಿಡುವ ಸೈಫನ್‌ಗಳೂ ಹೊರಗೆ ಕಾಣುತ್ತವೆ, ನೋಡಲು ಜನ ಹೋಗುತ್ತಾರೆ. ಲಾಂಚ್ ನಡು ಹೊಳೆಗೆ ಬಂದಾಗ ಚಿಕ್ಕಮ್ಮ ಅತ್ತಿತ್ತ ನೋಡಿ, "ತಮಾ, ಗುಡ್ಡ ಎಲ್ಲ ಗಿಡ್ಡ ಆಯ್ದು" ಎಂದರು. ಅವರ ನೆನಪಿನಲ್ಲಿರುವ ಗುಡ್ಡಗಳ ಬುಡ ನೀರಿನಲ್ಲಿದೆ. ಕಾಣುವುದು ನೆತ್ತಿ ಮಾತ್ರ. ಯಾವ ಗುಡ್ಡ ಯಾವುದೆಂದು ಗುರುತಿಸಲು ಅವರು ಲಾಂಚ್ ದಡ ಸೇರುವವರೆಗೂ ಪ್ರಯತ್ನಿಸುತ್ತಲೇ ಇದ್ದರು. ಒಂದನ್ನು ಗುರುತಿಸಿದರು, ಅದರ ಬಗ್ಗೆ ಅವರಿಗೆ ಪೂರ್ತಿ ಖಾತ್ರಿಯಿರಲಿಲ್ಲ. ಚಾಲಕರ ಹತ್ತಿರ ಕೇಳಿ ಬರಲೇ ಎಂದೆ. ಬೇಡ ಎಂದರು.

ಹೊಳೆಯ ಆಚೆ ನಡುವಿನ ಹೊತ್ತು ಬೇಗ ಕಳೆಯಿತು. ಸಿಗಂದೂರಿನಲ್ಲಿ ದರ್ಶನ, ತುಮರಿಯ ಕಡೆ ಪರಿಚಯಸ್ಥರ ಮನೆಯಲ್ಲಿ ಊಟ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು, ಹಿತ್ತಿಲ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಆ ಒಲೆಯ ಮುಂದೆ ಕೂತ ಮೇಲೆ ಏಳುವ ಮನಸ್ಸು ಯಾರಿಗೂ ಬರಲಿಲ್ಲ. ಬಿಸಿ ಅನ್ನ, ಅಪ್ಪೆಹುಳಿ, ಸುಟ್ಟ ಹಲಸಿನ ಹಪ್ಪಳ. ಅದರ ವಿಮರ್ಶೆ ಬರೆಯುವ ಯೋಗ್ಯತೆ ನನಗಿಲ್ಲ.

ಊಟದ ನಂತರ ಒಂದು ತಪ್ಪು ಮಾಡಿದೆವು. ಹಿನ್ನೀರಿನ ದಡದಲ್ಲಿ ಒಂದು ಕಡೆ ಖಾಸಗಿಯವರು ನಡೆಸುವ ಸಣ್ಣ ದೋಣಿ ವಿಹಾರವಿತ್ತು. ಹೆಂಡತಿಗೆ ಆಸೆಯಾಯಿತು. ತಲೆಗೆ ಇಷ್ಟೆಂದು ಹಣ ಪಡೆದ ಮೇಲೆ ಕೊಟ್ಟ ಮೂರು ಜೀವರಕ್ಷಕ ಜಾಕೆಟ್‌ಗಳಲ್ಲಿ ಒಂದರ ಪಟ್ಟಿಗೆ ಕೊಂಡಿಯೇ ಇರಲಿಲ್ಲ, ಇನ್ನೊಂದರ ಹೊಲಿಗೆ ಬಿಟ್ಟು ಒಳಗಿನ ತುಂಡು ಹೊರಗೆ ಇಣುಕುತ್ತಿತ್ತು. ಬೇರೆ ಕೊಡಿ ಎಂದರೆ, "ಇಲ್ಲಿ ಆಳ ಇಲ್ಲ ಸಾರ್" ಎಂಬ ಉತ್ತರ ಬಂತು. ಆಳ ಎಷ್ಟಿದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಾವು ಹತ್ತದೆ ಹಿಂದಿರುಗಿದೆವು. ಹಣ ಅರ್ಧ ಮಾತ್ರ ವಾಪಸಾಯಿತು. ಹಿನ್ನೀರಿನಲ್ಲಿ ಆಳ ಒಂದು ಮಾರು ಅಂತರದಲ್ಲಿಯೇ ಬದಲಾಗುತ್ತದೆ, ಏಕೆಂದರೆ ತಳದಲ್ಲಿರುವುದು ಒಂದು ಕಾಲದ ಗದ್ದೆಯ ಬದು, ತೋಟದ ಕಾಲುವೆ, ಬಾವಿ. ತಣ್ಣೀರಿನಲ್ಲಿ ಕೈಕಾಲು ಬೇಗ ಮರಗಟ್ಟುವುದರಿಂದ ಈಜು ಬಲ್ಲವರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೋಣಿ ಯಾವುದೇ ಇರಲಿ, ಜಾಕೆಟ್ಟಿನ ಕೊಂಡಿಯನ್ನು ನೀವೇ ಹಾಕಿ ಎಳೆದು ನೋಡಿ, ಆಮೇಲೆ ಹಣ ಕೊಡಿ.

ಹಲ್ಕೆಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಹೊಳೆಬಾಗಿಲಿನ ಜನಸಂದಣಿ ಕಂಡವರಿಗೆ ಇದು ಬೇರೆಯದೇ ಲೋಕ. ದಡದಲ್ಲಿ ಅಂಗಡಿ ಸಾಲುಗಳಿಲ್ಲ, ಸುತ್ತ ಕಾಡು. ಇಲ್ಲಿಂದ ದಾಟಿದರೆ ಕಾರ್ಗಲ್ ಮತ್ತು ಜೋಗ ಹತ್ತಿರ. ಇಲ್ಲದಿದ್ದರೆ ಸಾಗರ, ತಾಳಗುಪ್ಪ ಎಂದು ಬಳಸಿಕೊಂಡು ಹೋಗಬೇಕು. ಇಲ್ಲಿನ ಲಾಂಚ್ ಚಿಕ್ಕದು, ಅದರಲ್ಲಿ ಹೋಗುವವರೂ ಹೆಚ್ಚಾಗಿ ಆ ಭಾಗದವರೇ. ಆ ದಿನ ನಮ್ಮ ಸಣ್ಣ ಕಾರು, ಇನ್ನೊಂದು ಕಾರು, ನಾಲ್ಕು ಬೈಕು, ಕಾರ್ಗಲ್‌ನ ಸಂಬಂಧಿಕರ ಮನೆಗೆ ಬಾಳೆಗೊನೆ ಒಯ್ಯುತ್ತಿದ್ದ ಒಬ್ಬ ಹೆಂಗಸು. ಕಾಯುವುದು ದಾಟುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇದನ್ನು ದೂರು ಎಂದು ಬರೆಯುತ್ತಿಲ್ಲ. ಲಾಂಚ್ ಒಂದೇ, ದಡ ಎರಡು, ನೀವು ತಲುಪಿದಾಗ ಅದು ಆಚೆ ಇರುವುದು ಸಹಜ. ಆದರೆ ಆ ದಿನ ನಾವು ಕಂಡ ನಾಲ್ಕು ದಡಗಳಲ್ಲಿ ಒಂದು ಕಡೆ ವಯಸ್ಸಾದವರು ಕೂರುವುದಕ್ಕೆ ಒಂದು ಹಲಗೆಯೂ ಇರಲಿಲ್ಲ, ವೇಳಾಪಟ್ಟಿ ಇದ್ದ ಫಲಕದ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿದ್ದವು. ಚಿಕ್ಕಮ್ಮನನ್ನು ಕಾರಿನಲ್ಲೇ ಕೂರಿಸಬೇಕಾಯಿತು. ಬಸ್ಸಿನಿಂದ ಇಳಿದು ಬಂದ ಹಿರಿಯರು ಏನು ಮಾಡಬೇಕು? ನಾಲ್ಕು ಕಂಬದ ಒಂದು ಚಪ್ಪರ, ಒಂದು ಉದ್ದ ಬೆಂಚು, ಹೊಸದಾಗಿ ಬರೆದ ಒಂದು ಫಲಕ. ಹೊಳೆಗೆ ಸೇತುವೆ ಕಟ್ಟಬಲ್ಲ ನಾಡಿಗೆ ಇದು ದೊಡ್ಡ ಕೆಲಸವಲ್ಲ ಎಂದು ಕಳಕಳಿಯಿಂದ ಹೇಳುತ್ತೇನೆ.

ಪ್ರಯಾಣದ ಸೊಗಸಿನ ಮಾತಿಗೆ ಬಂದರೆ ಹಲ್ಕೆ–ಮುಪ್ಪಾನೆ ದಾರಿಗೆ ಹೊಳೆಬಾಗಿಲು ಸಾಟಿಯಲ್ಲ. ಹೊಳೆಬಾಗಿಲಿನಲ್ಲಿ ನೀರು ವಿಶಾಲವಾಗಿ ಬಯಲಿನಂತೆ ಹರಡಿದೆ. ಇಲ್ಲಿ ಕಾಡು ನೀರಿನವರೆಗೆ ಇಳಿದು ಬಂದಿದೆ. ಸಿಂಗಳೀಕಗಳಿಗೆ ಹೆಸರಾದ ಶರಾವತಿ ಅಭಯಾರಣ್ಯದ ಸೀಮೆ ಇದು. ನಾಲ್ಕೂವರೆಗೇ ಬಿಸಿಲು ಗುಡ್ಡದ ನೆತ್ತಿಗೆ ಸರಿದು, ನೀರಿನ ಮೇಲೆ ನೆರಳು ಚಾಚಿಕೊಂಡಿತ್ತು. ಒಣಗಿದ ಒಂದು ಬೊಡ್ಡೆ ನೀರಿನಿಂದ ಮೊಳದಷ್ಟು ಮೇಲೆ ನಿಂತಿತ್ತು. ಅದರ ಮೇಲೆ ನೀರುಕಾಗೆಯೊಂದು ಎರಡೂ ರೆಕ್ಕೆ ಬಿಚ್ಚಿ ಆರಿಸಿಕೊಳ್ಳುತ್ತಿತ್ತು. ಲಾಂಚ್ ಹತ್ತಿರದಲ್ಲೇ ಹಾದುಹೋದರೂ ಅದು ರೆಕ್ಕೆ ಮಡಚಲಿಲ್ಲ. ಚಾಲಕರು ಆ ಬೊಡ್ಡೆಯನ್ನು ಬಲಕ್ಕೆ ಬಿಟ್ಟು ಮುಂದೆ ಹೋದ ಮೇಲೆ, ಕಾರಣವೇ ಇಲ್ಲವೆಂಬಂತೆ ತೋರುವ ತೆರೆದ ನೀರಿನಲ್ಲಿ ಲಾಂಚನ್ನು ಮತ್ತೆ ಅರ್ಧ ಸುತ್ತು ಬಳಸಿದರು. ಯಾಕೆಂದು ಕೇಳಿದೆ. "ಅದರ ತಮ್ಮ ಅಲ್ಲಿ ಕೆಳಗಿದಾನೆ, ಫೆಬ್ರವರಿಯಲ್ಲಿ ತಲೆ ಎತ್ತುತ್ತಾನೆ" ಎಂದರು. ಇಂತಹ ತಿಳಿವಳಿಕೆ ಯಾವ ನಕ್ಷೆಯಲ್ಲಿಯೂ ಇರಲಾರದು, ಇದು ಒಬ್ಬರಿಂದ ಇನ್ನೊಬ್ಬರಿಗೆ ಬಂದದ್ದು. ಸೇತುವೆಗಳು ಬಂದಂತೆ ಈ ಸಿಬ್ಬಂದಿಯನ್ನು ಅಲ್ಲಿ ಇಲ್ಲಿ ಚದುರಿಸದೆ, ಉಳಿದ ಕಡವುಗಳಲ್ಲಿಯೇ ಇಟ್ಟುಕೊಂಡು ಹೊಸಬರಿಗೆ ಕಲಿಸುವ ವ್ಯವಸ್ಥೆ ಆಗಬೇಕು.

ಹೋಗುವವರಿಗೆ ಇನ್ನೆರಡು ಮಾತು. ಪ್ರಯಾಣದ ದರ ತೀರ ಕಡಿಮೆ, ಆದರೆ ಚಿಲ್ಲರೆ ಜೊತೆಯಲ್ಲಿರಲಿ. ಹಿನ್ನೀರಿನ ನಡುವೆ ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬಾರದು. ಮುಪ್ಪಾನೆಯ ಕಡೆ ಇಳಿದ ಮೇಲೆ ದಾರಿ ಕಾಡಿನೊಳಗೆ ಹೋಗುವುದರಿಂದ ಸಂಜೆಯ ಕೊನೆಯ ಲಾಂಚಿಗೆ ಕಾಯದೆ ಬೆಳಕಿರುವಾಗಲೇ ದಾಟುವುದು ಒಳ್ಳೆಯದು. ಬೇಸಿಗೆಯಲ್ಲಿ ನೀರು ಇಳಿದಾಗ ಈ ಲಾಂಚ್ ನಿಲ್ಲುವುದುಂಟು, ಹಾಗಾಗಿ ಹೊರಡುವ ಮೊದಲು ತುಮರಿ ಅಥವಾ ಕಾರ್ಗಲ್ ಕಡೆಯವರನ್ನು ವಿಚಾರಿಸಿಕೊಳ್ಳಿ. ಈಗ ಸೇತುವೆಯಿದೆ, ಅದರ ಮೇಲೆ ಸಿಗಂದೂರಿಗೆ ಹೋಗಿ, ಲಾಂಚ್ ನಡೆಯುತ್ತಿದ್ದರೆ ಮುಪ್ಪಾನೆಯ ಮೂಲಕ ಜೋಗಕ್ಕೆ ಬಂದು ಸಾಗರ ಸೇರಿದರೆ ಶರಾವತಿಯನ್ನು ಸುತ್ತು ಹಾಕಿದಂತಾಗುತ್ತದೆ. ಮಂಜು ದಟ್ಟವಾಗಿದ್ದರೆ ಲಾಂಚ್ ಹೊರಡಲು ತಡಮಾಡುತ್ತಾರೆ. ಆಗ ದಯವಿಟ್ಟು ಅವಸರ ಮಾಡಬೇಡಿ. ಬೆಳಿಗ್ಗೆ ಹೊಳೆಬಾಗಿಲಿನಲ್ಲಿ ಯಾರೋ ಹಾರ್ನ್ ಹೊಡೆಯುತ್ತಲೇ ಇದ್ದರು, ಅದು ನನಗೆ ಬಹಳ ಬೇಸರ ತಂದಿತು. ಎದುರಿಗೆ ಏನಿದೆ ಎಂದು ಕಾಣದೆ ಆ ಚಾಲಕ ಅಷ್ಟು ಜನರ ಜೀವವನ್ನು ಹೊತ್ತು ಹೇಗೆ ಹೊರಟಾನು?

ಮುಪ್ಪಾನೆಯ ದಡಕ್ಕೆ ಲಾಂಚ್ ತಾಗಿದಾಗ ಹಲಗೆಯ ಮೇಲೆ ಇಬ್ಬನಿಯಿರಲಿಲ್ಲ, ಒಣಗಿತ್ತು. ಆದರೂ ಚಿಕ್ಕಮ್ಮ ಅದರ ಅಂಚಿನಲ್ಲಿ ನಿಂತು ಸುತ್ತ ನೋಡಿದರು. ಬಾಳೆಗೊನೆಯ ಹೆಂಗಸು ಗೊನೆಯನ್ನು ಕೆಳಗಿಟ್ಟು, "ಬನ್ನಿ ಅಮ್ಮಾ" ಎಂದು ಕೈ ಕೊಟ್ಟರು. ಇಳಿದ ಮೇಲೆ ಚಿಕ್ಕಮ್ಮ ತಮ್ಮ ಕೈಚೀಲದಿಂದ ತುಮರಿಯ ಮನೆಯವರು ಕಟ್ಟಿಕೊಟ್ಟಿದ್ದ ಹಪ್ಪಳದ ಕಟ್ಟನ್ನು ತೆಗೆದು ಅರ್ಧ ಆಕೆಗೆ ಕೊಟ್ಟರು. ಉಳಿದರ್ಧವನ್ನು ನನ್ನ ಕೈಗಿತ್ತು, ಬೆಳಿಗ್ಗೆ ಗೋಣಿ ಹಾಸಿದವರಿಗೆ ತಲುಪಿಸುವುದು ಹೇಗೆ ಎಂದು ಕೇಳಿದರು. ಅವರು ಇರುವುದು ಇನ್ನೊಂದು ದಡದಲ್ಲಿ ಎಂದೆ. ಹಗ್ಗ ಬಿಚ್ಚುತ್ತಿದ್ದ ಹುಡುಗ ಅದನ್ನು ಕೇಳಿಸಿಕೊಂಡು, ನಾಳೆ ಆ ಕಡೆಗೆ ಹೋಗುವವರಿದ್ದಾರೆ, ಕೊಡಿ ಎಂದು ಕಟ್ಟನ್ನು ತೆಗೆದುಕೊಂಡು ಚಾಲಕರ ಕೋಣೆಯ ಮೊಳೆಗೆ ಸಿಕ್ಕಿಸಿದ. ಲಾಂಚ್ ಹಲ್ಕೆಯ ಕಡೆಗೆ ತಿರುಗಿತು.